ಅಡಿಹಲಗೆ

ಗೇರೆಣ್ಣೆಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಅದು. ಮೂಗಿಗೆ ಖಾರ, ಕೈಗೆ ತಾಗಿದರೆ ಚರ್ಮ ಸುಲಿದು ಬರುತ್ತದೆ. ಕಳೆದ ತಿಂಗಳು ಹೆಜಮಾಡಿಯಲ್ಲಿ ನೆಂಟರ ಮನೆಗೆ ಹೋಗಿದ್ದೆವು. ರಸ್ತೆಯ ಬದಿಯಲ್ಲಿ ಒಬ್ಬರು ದೋಣಿಯನ್ನು ಕವುಚಿ ಹಾಕಿ, ಬಟ್ಟೆಯ ಉಂಡೆಯಿಂದ ಅದರ ಹೊಟ್ಟೆಗೆ ಆ ಎಣ್ಣೆ ಸವರುತ್ತಿದ್ದರು. ನನ್ನ ಗಂಡ ಮೂಗು ಮುಚ್ಚಿಕೊಂಡು ಕಾರಿನ ಗಾಜು ಏರಿಸಿದರು. ನಾನು ಬಾಗಿಲು ತೆಗೆದು ಇಳಿದೆ.

"ಇಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ತಿ?" ಎಂದರು ಅವರು.

ನೋಡಲಿಕ್ಕೆ ಏನೂ ಇರಲಿಲ್ಲ. ಆದರೆ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ನಾಲಗೆಯಲ್ಲಿ ಉಪ್ಪು ನೀರು ಬಂದಂತಾಯಿತು. ಹನ್ನೆರಡು ವರ್ಷ ಹಿಂದಿನ ಒಂದು ನವೆಂಬರಿನ ಬೆಳಿಗ್ಗೆ ಒಬ್ಬ ಹೆಂಗಸು ನನಗೆ ಕುಡಿಸಿದ ನೀರಿನ ರುಚಿ ಅದು. ಅದನ್ನು ನಾನು ಗಂಡನಿಗೆ ಅರ್ಧ ಮಾತ್ರ ಹೇಳಿದ್ದೆ. ಅರ್ಧ ಹೇಳುವುದು ಎಷ್ಟು ಕೆಟ್ಟದ್ದು ಎಂದು ಗೊತ್ತಿದ್ದೂ ಉಳಿದ ಅರ್ಧ ಹೇಳಿರಲಿಲ್ಲ.

ಆಗ ನನಗೆ ಇಪ್ಪತ್ತಮೂರು. ಶಿರ್ವದ ಮನೆಯಿಂದ ಸ್ಕೂಟಿಯಲ್ಲಿ ಹೋಗಿ ಬರುವ ಮೊದಲ ಕೆಲಸ. ಸಿವಿಲ್ ಡಿಪ್ಲೊಮಾ ಮಾಡಿದವಳು ಕಟ್ಟಡ ಕಟ್ಟುತ್ತೇನೆಂದು ಕನಸು ಕಂಡಿದ್ದರೆ, ಸಿಕ್ಕಿದ್ದು ನದಿಗೆ ಹಲಗೆ ಹಾಕಿಸುವ ಕೆಲಸ. ಆ ವರ್ಷ ಸ್ವರ್ಣಾ ನದಿಯ ಒಂದು ಕಿಂಡಿ ಅಣೆಕಟ್ಟಿನ ಹಲಗೆ ಇಳಿಸುವ, ತೆಗೆಯುವ ಗುತ್ತಿಗೆ ನಮ್ಮ ಕಂಟ್ರಾಕ್ಟರಿಗೆ ಸಿಕ್ಕಿತ್ತು. ಅವರಿಗೆ ಬೇರೆ ಕಡೆ ದೊಡ್ಡ ದೊಡ್ಡ ಕೆಲಸಗಳಿದ್ದವು. ಇದು ಊಟಕ್ಕಿಲ್ಲದ ಉಪ್ಪಿನಕಾಯಿ. ಹಾಗಾಗಿ ನನ್ನನ್ನು ಸೂಪರ್‌ವೈಸರ್ ಎಂದು ಕಳಿಸಿದರು.

ಸ್ವರ್ಣಾ ಕಾರ್ಕಳದ ಆಚೆ ಘಟ್ಟದ ಬುಡದಲ್ಲಿ ಹುಟ್ಟುತ್ತದೆ. ಮೇಲ್ಗಡೆ ತೋಟಗಳ ಪಂಪುಗಳಿಗೆ ನೀರು ಕೊಟ್ಟು, ನಡುವೆ ಉಡುಪಿ ಪೇಟೆಯ ನಲ್ಲಿಗಳಿಗೆ ನೀರು ಕೊಟ್ಟು, ಮಣಿಪಾಲದ ಗುಡ್ಡದ ಕೆಳಗೆ ಅಗಲವಾಗಿ ಹರಡಿಕೊಂಡು, ಆಮೇಲೆ ದೋಣಿಗೂ ಬಲೆಗೂ ಆಗಿ ಕಡಲಿಗೆ ಹೋಗುತ್ತದೆ. ಆದರೆ ಕಡಲು ಸುಮ್ಮನೆ ತೆಗೆದುಕೊಳ್ಳುವುದಿಲ್ಲ. ಮಳೆ ನಿಂತು ನದಿಯ ಬಲ ಕುಗ್ಗಿದ ಮೇಲೆ ದಿನಕ್ಕೆ ಎರಡು ಸಲ ಭರತದಲ್ಲಿ ಕಡಲಿನ ನೀರು ನದಿಯೊಳಗೆ ಮೈಲುಗಟ್ಟಲೆ ಏರಿ ಬರುತ್ತದೆ. ಅದನ್ನು ತಡೆಯಲಿಕ್ಕೆ ಕಿಂಡಿ ಅಣೆಕಟ್ಟು. ನದಿಗೆ ಅಡ್ಡ ಕಲ್ಲಿನ ಕಂಬಗಳ ಸಾಲು, ಕಂಬ ಕಂಬದ ನಡುವೆ ಕಿಂಡಿ, ಕಿಂಡಿಗೆ ಮರದ ಹಲಗೆ. ಮಳೆಗಾಲದಲ್ಲಿ ಹಲಗೆ ತೆಗೆದಿಡುತ್ತಾರೆ, ಮಳೆ ಹೋದ ಮೇಲೆ ಒಂದರ ಮೇಲೆ ಒಂದು ಇಳಿಸುತ್ತಾರೆ. ಎರಡು ಸಾಲು ಹಲಗೆ, ನಡುವೆ ಜೇಡಿಮಣ್ಣು ತುಂಬಿ ಕಾಲಿನಲ್ಲಿ ತುಳಿದು ಗಟ್ಟಿ ಮಾಡಿದರೆ ಮೇಲಿನ ನೀರು ಸಿಹಿಯಾಗಿ ಉಳಿಯುತ್ತದೆ, ಕೆಳಗಿನ ಉಪ್ಪು ಕೆಳಗೇ ಇರುತ್ತದೆ.

ಈಗ ಅಲ್ಲಿ ಫೈಬರ್ ಹಲಗೆ ಬಂದಿದೆ. ಅದಕ್ಕೆ ಎಣ್ಣೆ ಬೇಡ. ಆಗ ಇದ್ದದ್ದು ಮರದ್ದು, ಒಂದೊಂದನ್ನು ಎತ್ತಲು ಇಬ್ಬರು ಬೇಕು.

ಹಲಗೆಯ ತಂಡಕ್ಕೆ ಯಜಮಾನ ವಾಸು ಪೂಜಾರಿ. ಊರಿಗೆಲ್ಲ ವಾಸಣ್ಣ. ಅರುವತ್ತು ದಾಟಿದ, ಒಣಗಿದ ಮೈಯ ಮನುಷ್ಯ. ಅಣೆಕಟ್ಟು ಕಟ್ಟಿದ ವರ್ಷದಿಂದ ಅವರ ತಂದೆ ಹಲಗೆ ಹಾಕಿದ್ದರಂತೆ, ಆಮೇಲೆ ಇವರು. ಗುತ್ತಿಗೆ ಯಾರಿಗೇ ಸಿಗಲಿ, ಹಲಗೆ ಮುಟ್ಟುವ ಕೈ ಮಾತ್ರ ಅದೇ. ಪ್ರತಿ ಹಲಗೆಯ ತುದಿಯಲ್ಲಿ ಉಳಿಯಿಂದ ಹೊಡೆದ ಗೀಟುಗಳಿದ್ದವು: ಯಾವ ಕಿಂಡಿ, ಕೆಳಗಿನಿಂದ ಎಷ್ಟನೆಯದು. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಸೋರುತ್ತದೆ. ನಾನು ಮೊದಲ ವಾರದಲ್ಲೇ ಹುಮ್ಮಸ್ಸಿನಿಂದ ಬಿಳಿ ಪೇಂಟಿನಲ್ಲಿ ಎಲ್ಲ ಹಲಗೆಗೂ ನಂಬರು ಬರೆದೆ. ವಾಸಣ್ಣ ನೋಡಿ ನಕ್ಕರು.

"ಒಳ್ಳೆ ಚಂದ ಉಂಟು ಬಾಯಮ್ಮ. ಪೇಂಟು ಒಂದು ಮಳೆಗೆ, ಗೀಟು ನೂರು ಮಳೆಗೆ."

ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ. ಇಪ್ಪತ್ತಮೂರರ ನನಗೆ ಅದು ನನ್ನ ಅಜ್ಜಿಯ ಹೆಸರನ್ನು ಇಟ್ಟಂತೆ ಕೇಳಿಸುತ್ತಿತ್ತು. ಮೇಡಂ ಅನ್ನಿ ಎಂದು ಎರಡು ಸಲ ಹೇಳಿದೆ. ಎರಡು ಸಲವೂ ಅವರು "ಆಯ್ತು ಬಾಯಮ್ಮ" ಎಂದರು.

ಅಣೆಕಟ್ಟಿನ ಮೇಲ್ಬದಿಗೆ ನದಿಯ ನಡುವೆ ಒಂದು ಕುದ್ರು ಇತ್ತು. ನದಿಯೊಳಗಿನ ದ್ವೀಪಕ್ಕೆ ನಾವು ಹಾಗೆನ್ನುವುದು. ನಾಲ್ಕೈದು ಮನೆ, ತೆಂಗು, ಒಂದಿಷ್ಟು ಗದ್ದೆ. ಅಲ್ಲಿಂದ ದಿನಾ ಬೆಳಿಗ್ಗೆ ಸಣ್ಣ ದೋಣಿಯಲ್ಲಿ ಗಿರಿಜಕ್ಕ ಕಿಂಡಿ ದಾಟಿ ಕೆಳಗೆ ಹೋಗಿ, ಇಳಿತದ ಹೊತ್ತಿಗೆ ಸೊಂಟದಷ್ಟು ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುತ್ತಿದ್ದರು. ಈ ಚಿಪ್ಪುಮೀನು ಬದುಕುವುದು ಉಪ್ಪು ನೀರಿನಲ್ಲಿ. ಅವರ ಬಾವಿಗೂ ನೇಜಿಗೂ, ಅಂದರೆ ಭತ್ತದ ಸಸಿಗೂ, ಬೇಕಾದದ್ದು ಸಿಹಿ ನೀರು. ಹಲಗೆ ಬಿದ್ದರೆ ದೋಣಿ ಕಿಂಡಿ ದಾಟುವುದಿಲ್ಲ. ಹಲಗೆ ಬೀಳದಿದ್ದರೆ ಮನೆಯಲ್ಲಿ ಕುಡಿಯಲು ನೀರಿಲ್ಲ. ಹಾಗಾಗಿ ಅವರು ಅಣೆಕಟ್ಟನ್ನು ಬೆಳಿಗ್ಗೆ ಬೈದು ಸಂಜೆ ಹೊಗಳುತ್ತಿದ್ದರು.

"ಈ ಗೋಡೆ ಕಟ್ಟಿದವನಿಗೆ ಬುದ್ಧಿ ಇಲ್ಲ," ಎನ್ನುವರು ದೋಣಿ ಕಟ್ಟುತ್ತ. ಎರಡು ಮಾತು ಬಿಟ್ಟು, "ಯಾವಾಗ ಹಲಗೆ ಹಾಕುದು ಮಾರಾಯ್ರೆ? ಬಾವಿ ನೀರು ಈಗಲೇ ಸ್ವಲ್ಪ ಉಪ್ಪು ಉಂಟು," ಎಂದು ಕೇಳುವರು.

ಆ ವರ್ಷ ಮಳೆ ಬೇಗ ಹಿಂದೆ ಸರಿಯಿತು. ದೀಪಾವಳಿ ನವೆಂಬರಿನಲ್ಲಿ ಬಂತು. ಗಿರಿಜಕ್ಕ ಸುಗ್ಗಿ ಬೆಳೆಗೆಂದು ನೇಜಿ ಹಾಕಿ ಹತ್ತು ದಿನ ಆಗಿತ್ತು. ಹಸಿರು ಗೇಣುದ್ದ ಎದ್ದಿತ್ತು. ಹಬ್ಬಕ್ಕೆ ಐದು ದಿನ ಇರುವಾಗ ಕಂಟ್ರಾಕ್ಟರ್ ಫೋನ್ ಮಾಡಿ, "ಕೆಲಸ ಶುರು ಮಾಡಿ ಎರಡು ಫೋಟೋ ಕಳಿಸಿ, ಇಲಾಖೆಯವರು ಕೇಳ್ತಾ ಇದ್ದಾರೆ," ಎಂದರು. ನಾನು ವಾಸಣ್ಣನಿಗೆ ಹೇಳಿದೆ.

ಅವರು ನೀರಿನ ಕಡೆ ನೋಡಿದರು. "ಹಬ್ಬ ಕಳೀಲಿ ಬಾಯಮ್ಮ. ಹಲಗೆ ಮುಟ್ಟಿದ ಮೇಲೆ ನಡುವೆ ಬಿಡ್ಲಿಕ್ಕಿಲ್ಲ. ಮುಟ್ಟಿದರೆ ಮುಗಿಸಬೇಕು."

"ಅರ್ಧ ಹಾಕಿದರೆ ಅರ್ಧ ಕೆಲಸವಾದರೂ ಆಯ್ತಲ್ಲ ವಾಸಣ್ಣ?"

"ಅರ್ಧ ಹಾಕಿದರೆ ಎರಡು ಪಾಲು ಕೆಲಸ."

ಏಕೆ ಎಂದು ನಾನು ಕೇಳಲಿಲ್ಲ. ಮುದುಕರು ಕೆಲಸ ಎಳೆಯುತ್ತಾರೆ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ. ಡಿಪ್ಲೊಮಾದಲ್ಲಿ ನೀರಿನ ಒತ್ತಡದ ಲೆಕ್ಕ ಕಲಿತಿದ್ದೆ. ನೀರಿನ ತಿಥಿ ಯಾರೂ ಕಲಿಸಿರಲಿಲ್ಲ. ಹಟ ಹಿಡಿದು ಶುರು ಮಾಡಿಸಿದೆ. ನಾಲ್ಕು ದಿನಗಳಲ್ಲಿ ಎಲ್ಲ ಕಿಂಡಿಗಳಿಗೂ ಅರ್ಧ ಎತ್ತರಕ್ಕೆ ಒಂದು ಸಾಲು ಹಲಗೆ ಬಿತ್ತು. ಫೋಟೋ ಚಂದ ಬಂತು.

ಹಬ್ಬದ ಮುನ್ನಾದಿನ ತಂಡದ ಐದು ಜನ ನನ್ನ ಮುಂದೆ ನಿಂತರು. ಬಲೀಂದ್ರನನ್ನು ಕರೆಯಬೇಕು, ಗದ್ದೆಗೆ ದೀಪ ಇಡಬೇಕು, ಮನೆಯಲ್ಲಿ ಕೆಲಸ ಉಂಟು, ಮೂರು ದಿನ ಬಿಡಬೇಕು ಎಂದರು. ವಾಸಣ್ಣ ಮಾತ್ರ ಹಲಗೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು.

"ನಾನು ನಿಲ್ಲುತ್ತೇನೆ ಬೇಕಾದರೆ," ಎಂದರು.

"ನೀವೊಬ್ಬರು ನಿಂತು ಎಂತ ಮಾಡುದು ವಾಸಣ್ಣ? ಹಬ್ಬ ಅಲ್ವಾ, ಹೋಗಿ. ಕ್ರಿಸ್ಮಸ್‌ಗೆ ನನ್ನನ್ನು ಬಿಟ್ಟರೆ ಸಾಕು," ಎಂದೆ. ಆ ದಿನ ನನ್ನ ದೊಡ್ಡತನವನ್ನು ನಾನೇ ಮೆಚ್ಚಿಕೊಂಡು ಸ್ಕೂಟಿ ಓಡಿಸಿದೆ.

ದೀಪಾವಳಿ ಬರುವುದು ಅಮಾವಾಸ್ಯೆಗೆ. ಅಮಾವಾಸ್ಯೆಗೆ ದೊಡ್ಡ ಭರತ. ಇದು ಕರಾವಳಿಯಲ್ಲಿ ಮೀನು ತಿನ್ನುವ ಎಲ್ಲರಿಗೂ ಗೊತ್ತಿರುವ ವಿಷಯ, ನನಗೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚಿಸಲಿಲ್ಲ, ಅಷ್ಟೆ.

ಹಬ್ಬದ ಮಾರನೆಯ ಬೆಳಿಗ್ಗೆ ಸುಮ್ಮನೆ ಒಮ್ಮೆ ನೋಡಿ ಬರೋಣ ಎಂದು ಹೋದೆ. ಅಣೆಕಟ್ಟಿನ ಮೇಲೆ ಗಿರಿಜಕ್ಕ ನಿಂತಿದ್ದರು. ಕೈಯಲ್ಲಿ ಹಿತ್ತಾಳೆಯ ಚೊಂಬು. ನಾನು ನಮಸ್ಕಾರ ಹೇಳಿದೆ. ಅವರು ಚೊಂಬು ಚಾಚಿದರು.

"ಕುಡೀರಿ ಬಾಯಮ್ಮ."

ಹಬ್ಬದ ಪಾನಕ ಇರಬೇಕೆಂದು ದೊಡ್ಡ ಗುಟುಕು ಕುಡಿದೆ. ಉಪ್ಪು. ಗಂಟಲಿನವರೆಗೂ ಉಪ್ಪು. ಉಗುಳಲು ನಾಚಿಕೆಯಾಗಿ ನುಂಗಿದೆ.

"ಇದು ಎಲ್ಲಿಯ ನೀರು?"

"ನನ್ನ ನೇಜಿಗೆ ನಿನ್ನೆಯಿಂದ ಹೋಗ್ತಾ ಇರುವ ನೀರು," ಎಂದರು. ಅವರ ದನಿ ಏರಲೇ ಇಲ್ಲ. ಅದು ಏರಿದ್ದರೆ ನನಗೆ ಸುಲಭವಾಗುತ್ತಿತ್ತು.

ವಾಸಣ್ಣ ಒಂದು ಗಂಟೆಯೊಳಗೆ ಬಂದರು. ಗಿರಿಜಕ್ಕನೇ ಹೇಳಿ ಕಳಿಸಿದ್ದರು. ಹಬ್ಬದ ಬಿಳಿ ಪಂಚೆಯಲ್ಲೇ ನೀರಿಗೆ ಇಳಿದು, ಕೈ ಮುಳುಗಿಸಿ, ನಾಲಗೆಗೆ ಮುಟ್ಟಿಸಿ ನೋಡಿದರು. ಆಮೇಲೆ ಕಂಬಕ್ಕೆ ಒರಗಿ ನನಗೆ ವಿವರಿಸಿದರು. ಉಪ್ಪು ನೀರು ಭಾರ, ಅದು ಅಡಿಯಲ್ಲಿ ಹೋಗುತ್ತದೆ. ಸಿಹಿ ನೀರು ಹಗುರ, ಮೇಲೆ ಹೋಗುತ್ತದೆ. ಹಲಗೆ ಇಲ್ಲದಿದ್ದರೆ ಭರತಕ್ಕೆ ಬಂದ ಉಪ್ಪು ಇಳಿತಕ್ಕೆ ವಾಪಸು ಹೋಗುತ್ತದೆ. ಹಲಗೆ ಪೂರ್ತಿ ಇದ್ದರೆ ಬರುವುದೇ ಇಲ್ಲ. ಅರ್ಧ ಇದ್ದರೆ ಅಮಾವಾಸ್ಯೆಯ ಭರತ ಹಲಗೆಯನ್ನು ಹಾರಿ ಒಳಗೆ ಬರುತ್ತದೆ, ಬಂದದ್ದು ಅಡಿಯಲ್ಲಿ ಕೂರುತ್ತದೆ. ಇಳಿತಕ್ಕೆ ಹಲಗೆಯ ಮೇಲಿಂದ ಹೊರಗೆ ಹೋಗುವುದು ಸಿಹಿ ನೀರು ಮಾತ್ರ.

"ನಾವೇ ಬಾಗಿಲು ಹಾಕಿ ಕಳ್ಳನನ್ನು ಒಳಗೆ ಕೂರಿಸಿದ ಹಾಗೆ ಆಯ್ತು," ಎಂದರು. ನೀವು ಎನ್ನಲಿಲ್ಲ, ನಾವು ಎಂದರು.

ಮಧ್ಯಾಹ್ನ ಕಂಟ್ರಾಕ್ಟರ್ ಫೋನ್ ಮಾಡಿದರು. ಯಾರೋ ಇಲಾಖೆಗೆ ದೂರು ಕೊಟ್ಟಿದ್ದರು. "ಒಂದು ಕಾಗದ ಬರೆಯಿರಿ. ಕೆಲಸಗಾರರು ಹೇಳದೆ ಕೇಳದೆ ಹಬ್ಬಕ್ಕೆ ಹೋದರು ಅಂತ. ಸೈಟಿನಲ್ಲಿ ಇದ್ದದ್ದು ನೀವು, ನಿಮ್ಮ ಸೈನ್ ಇರಲಿ," ಎಂದರು. ನಾನು ಇಲ್ಲ ಎನ್ನಬಹುದಿತ್ತು. ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಮೀನು ತೊಳೆಯುತ್ತ, "ಮೊದಲ ಕೆಲಸ. ಹೇಳಿದ್ದು ಬರೆ, ಅದು ಅಲ್ಲಿಗೆ ಮುಗಿಯಿತು," ಎಂದರು. ಬರೆದೆ. ಮೂರು ಸಾಲು. 'ಹೇಳದೆ' ಎಂಬ ಶಬ್ದದ ಮೇಲೆ ಪೆನ್ನು ಒಂದು ಕ್ಷಣ ನಿಂತಿತ್ತು, ಅದು ಈಗಲೂ ನೆನಪಿದೆ.

ಮುಂದಿನ ಎಂಟು ದಿನ ನಾನು ನದಿಯ ಗಡಿಯಾರಕ್ಕೆ ತಕ್ಕಂತೆ ಬದುಕಿದೆ. ಉಪ್ಪನ್ನು ಹೊರಗೆ ಹಾಕಲು ವಾಸಣ್ಣ ಹೇಳಿದ ದಾರಿ ಒಂದೇ. ಇಳಿತದಲ್ಲಿ ಕೆಳಗಿನ ನೀರು ತಗ್ಗಿದಾಗ, ಅಡಿಹಲಗೆಗೆ ಎರಡೂ ಕಡೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ, ಮೇಲಿನ ಹಲಗೆಗಳ ಸಮೇತ ಒಂದು ಗೇಣು ಎತ್ತಿ ಬೆಣೆ ಕೊಟ್ಟು ನಿಲ್ಲಿಸುವುದು. ಆ ಸಂದಿನಿಂದ ಅಡಿಯ ಭಾರದ ನೀರು ಹೊರಗೆ ಹೋಗುತ್ತದೆ. ಭರತ ತಿರುಗುವ ಮೊದಲು ಬೆಣೆ ತೆಗೆದು ಮತ್ತೆ ಇಳಿಸಬೇಕು. ಮೊದಲ ದಿನ ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ ಇಳಿತ. ಆಮೇಲೆ ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆ ತಡ. ಕೊಕ್ಕೆ ಸಿಕ್ಕಿಸಲು ಯಾರಾದರೂ ಮುಳುಗಬೇಕು. ಆ ವಯಸ್ಸಿನಲ್ಲಿ ವಾಸಣ್ಣನೇ ಮುಳುಗುತ್ತಿದ್ದರು. ಗೀಟು ಕೈಗೆ ಸಿಕ್ಕಿದರೆ ಸಾಕು, ಯಾವ ಹಲಗೆ ಎಂದು ಗೊತ್ತಾಗುತ್ತದೆ ಎನ್ನುವರು. ನನ್ನ ಬಿಳಿ ಪೇಂಟು ಆಗಲೇ ಬಿಟ್ಟು ಹೋಗಿತ್ತು.

ನೀರು ಪರೀಕ್ಷಿಸಲು ಇಲಾಖೆಯಿಂದ ಏನೂ ಬರಲಿಲ್ಲ. ಗಿರಿಜಕ್ಕನ ನಾಲಗೆಯೇ ನಮ್ಮ ಯಂತ್ರ. ಮರುವಾಯಿ ಹೆಕ್ಕುವವರಿಗೆ ಉಪ್ಪಿನ ಅಂದಾಜು ತಪ್ಪುವುದಿಲ್ಲ. ಇಳಿತ ಮುಗಿಯುವ ಹೊತ್ತಿಗೆ ಅವರು ದೋಣಿಯಿಂದ ಬಾಗಿ, ತೋಳನ್ನು ಭುಜದವರೆಗೂ ಮುಳುಗಿಸಿ, ಅಡಿಯ ನೀರನ್ನು ಮುಷ್ಟಿಯಲ್ಲಿ ತೆಗೆದು ರುಚಿ ನೋಡುತ್ತಿದ್ದರು.

"ಇನ್ನೂ ಉಂಟು," ಎನ್ನುವರು.

ಮೂರನೆಯ ದಿನ ನನ್ನನ್ನೂ ಕರೆದರು. "ನೀವೂ ನೋಡಿ. ನಾಳೆ ನಾನು ಇಲ್ಲದಿದ್ದರೆ ಯಾರು ಹೇಳುದು?" ನನಗೆ ಮೊದಲು ಎಲ್ಲವೂ ಒಂದೇ ಎನಿಸಿತು. ಅವರು ಬಾವಿಯ ನೀರು, ನದಿಯ ಮೇಲಿನ ನೀರು, ಅಡಿಯ ನೀರು ಒಂದಾದ ಮೇಲೆ ಒಂದು ಕುಡಿಸಿದರು. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಹಿಡಿಯಲು ನಾಲ್ಕು ದಿನ ಬೇಕಾಯಿತು. ನಾಲಗೆಯ ತುದಿಯಲ್ಲಿ ಅಲ್ಲ, ನುಂಗಿದ ಮೇಲೆ ಗಂಟಲಿನ ಹಿಂದೆ ಗೊತ್ತಾಗುತ್ತದೆ ಎಂದು ಅವರೇ ಹೇಳಿಕೊಟ್ಟರು. ಒಂದು ದಿನ ಕುದ್ರುವಿನ ಅವರ ಮನೆಯಲ್ಲಿ ಮರುವಾಯಿ ಸುಕ್ಕ ಮತ್ತು ಗಂಜಿ ತಿಂದೆ. ಗಂಜಿ ಬೇಯಿಸಿದ ನೀರನ್ನು ಅವರು ಆಚೆ ದಡದಿಂದ ಕೊಡದಲ್ಲಿ ತುಂಬಿ ದೋಣಿಯಲ್ಲಿ ತಂದಿದ್ದರು. ನಾನು ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಅಷ್ಟಮಿಯ ದಿನ ಮಧ್ಯಾಹ್ನ ನೀರು ನಿಂತಲ್ಲೇ ನಿಂತಂತಿತ್ತು. ಆ ತಿಥಿಗೆ ಭರತವೂ ಸಣ್ಣದು, ಇಳಿತವೂ ಸಣ್ಣದು. ಗಿರಿಜಕ್ಕ ರುಚಿ ನೋಡಿ, "ಹೋಯ್ತು," ಎಂದರು. ಮರುಗಳಿಗೆಯಲ್ಲೇ ತಂಡ ಹಲಗೆಗೆ ಕೈ ಹಾಕಿತು. ಹುಣ್ಣಿಮೆಯ ದೊಡ್ಡ ಭರತ ಬರುವ ಮೊದಲು ಎರಡು ಸಾಲೂ ಮೇಲಿನವರೆಗೆ ಬಿದ್ದು, ನಡುವೆ ಮಣ್ಣು ತುಂಬಿ ತುಳಿದೂ ಆಯಿತು.

ನೇಜಿ ಮಾತ್ರ ಉಳಿಯಲಿಲ್ಲ. ತುದಿ ಹಳದಿಯಾಗಿ, ಆಮೇಲೆ ಕೆಂಪಾಗಿ ಮಲಗಿತು. ಗಿರಿಜಕ್ಕ ತವರಿನಿಂದ ಬೀಜ ತಂದು ಮತ್ತೆ ಹಾಕಿದರು. ಬೆಳೆ ತಡವಾಯಿತು, ತಡವಾದ ಬೆಳೆಯಲ್ಲಿ ಜೊಳ್ಳೇ ಹೆಚ್ಚು.

ಇಲಾಖೆಯ ಇಂಜಿನಿಯರ್ ಡಿಸೆಂಬರಿನಲ್ಲಿ ಬಂದರು. ಸಭ್ಯ ಮನುಷ್ಯ. ಫೈಲಿನಲ್ಲಿ ನನ್ನ ಕಾಗದ ಇತ್ತು. ಅಣೆಕಟ್ಟಿನ ಮೇಲೆ ನಿಂತು, ತಂಡದವರ ಎದುರಿಗೇ ಅದನ್ನು ಓದಿದರು. ಆಮೇಲೆ ವಾಸಣ್ಣನ ಕಡೆ ತಿರುಗಿ, "ನೀವು ಹಬ್ಬಕ್ಕೆ ಹೋದದ್ದು ಹೌದಾ?" ಎಂದು ಕೇಳಿದರು.

ವಾಸಣ್ಣ ನನ್ನ ಮುಖ ನೋಡಲಿಲ್ಲ. "ಹೋದದ್ದು ಹೌದು ಸರ್," ಎಂದರು.

ಐದು ಜನ ತಂಡದವರು ನನ್ನನ್ನು ನೋಡಿದರು. ನಾನು ನೀರನ್ನು ನೋಡಿದೆ. ಆ ಹೊತ್ತಿಗೆ ಕರೆಂಟು ಬಂದಿರಬೇಕು, ದಂಡೆಯುದ್ದಕ್ಕೂ ಪಂಪುಗಳು ಒಂದರ ಹಿಂದೆ ಒಂದು ಶುರುವಾದವು. ಆ ಸದ್ದಿನಲ್ಲಿ ನಾನು ಸುಮ್ಮನಿದ್ದದ್ದು ಯಾರಿಗೂ ಕೇಳಿಸಲಿಕ್ಕಿಲ್ಲ ಎಂದುಕೊಂಡೆ. ಇಂಜಿನಿಯರ್ ಫೈಲಿನಲ್ಲಿ ಏನೋ ಬರೆದು, "ಬರುವ ವರ್ಷ ಬೇರೆ ಜನ ನೋಡಬೇಕಾಗ್ತದೆ," ಎಂದು ಹೊರಟರು.

ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ. ಇಲ್ಲಿ ತಿಂದದ್ದು ನಾನು, ಕುಡಿದದ್ದು ವಾಸಣ್ಣ. ತಂದೆಯ ಕಾಲದಿಂದ ಬಂದ ಕೆಲಸ ನನ್ನ ಮೂರು ಸಾಲಿನಲ್ಲಿ ಅವರ ಕೈ ತಪ್ಪುವುದರಲ್ಲಿತ್ತು. ಅವರು ಮರುದಿನವೂ ಬಂದು ಸೋರುವ ಕಡೆ ಮಣ್ಣು ಮೆತ್ತಿದರು, "ಬಾಯಮ್ಮ, ಚಾ ಆಯ್ತಾ?" ಎಂದು ಕೇಳಿದರು. ಆ ಚಳಿಗಾಲದಲ್ಲಿ ನದಿ ಬಹಳ ಚಂದವಿತ್ತು. ಮೇಲ್ಬದಿಗೆ ತುಂಬಿದ ಹಸಿರು ನೀರು, ಕೆಳಬದಿಗೆ ಇಳಿತಕ್ಕೆ ಎದ್ದು ಬರುವ ಮರಳದಿಣ್ಣೆ, ಅಲ್ಲಿ ಕೊಕ್ಕರೆಗಳ ಜೊತೆ ಗಿರಿಜಕ್ಕ. ಹಲಗೆ ಬಿದ್ದ ಮೇಲೆ ಅವರಿಗೆ ಎರಡು ದೋಣಿ: ಕುದ್ರುವಿನಿಂದ ಅಣೆಕಟ್ಟಿಗೆ ಒಂದು, ಅಲ್ಲಿಂದ ಕೆಳಗೆ ಇನ್ನೊಂದು. ಮರುವಾಯಿಯ ಬುಟ್ಟಿ ತಲೆಯ ಮೇಲಿಟ್ಟು ಅಣೆಕಟ್ಟು ದಾಟುವಾಗ ನನ್ನ ಪಕ್ಕ ಒಂದು ನಿಮಿಷ ನಿಲ್ಲುತ್ತಿದ್ದರು. ಕಾಗದದ ವಿಷಯ ಅವರಿಗೂ ಗೊತ್ತಿತ್ತು. ಒಂದು ದಿನವೂ ಎತ್ತಲಿಲ್ಲ. ನನಗೆ ಅಲ್ಲಿ ನಿಲ್ಲುವುದೇ ಕಷ್ಟವಾಗುತ್ತಿತ್ತು, ಆದರೂ ಮನೆಗೆ ಹೋಗಲು ಮನಸ್ಸಾಗುತ್ತಿರಲಿಲ್ಲ.

ತಪಸ್ಸುಕಾಲ ಬಂತು. ಈಸ್ಟರಿಗೆ ಮೊದಲು ಪಾಪನಿವೇದನೆ ಮಾಡುವುದು ನಮ್ಮ ಮನೆಯ ಕ್ರಮ. ನಿವೇದನೆಯ ಜಾಗದಲ್ಲಿ ಮಂಡಿಯೂರಿ ಎಲ್ಲವನ್ನೂ ಹೇಳಿದೆ. ಹೇಳಿ ಹಗುರಾಗಿ ಎದ್ದು ಬರಬಹುದು ಎಂಬ ಲೆಕ್ಕಾಚಾರವೂ ಒಳಗಿತ್ತು, ಸುಳ್ಳು ಯಾಕೆ. ಫಾದರ್ ಕೇಳಿಸಿಕೊಂಡು, "ಇದನ್ನು ಆ ಮನುಷ್ಯನಿಗೆ ಹೇಳಿದ್ದೀರಾ?" ಎಂದು ಕೇಳಿದರು.

"ಇಲ್ಲ ಫಾದರ್. ಅವರಿಗೆ ಗೊತ್ತುಂಟು."

"ಗೊತ್ತಿರುವುದು ಬೇರೆ, ನೀವು ಹೇಳುವುದು ಬೇರೆ," ಎಂದರು. ಪ್ರಾಯಶ್ಚಿತ್ತಕ್ಕೆಂದು ಬೇರೆ ಪ್ರಾರ್ಥನೆ ಏನೂ ಕೊಡಲಿಲ್ಲ.

ಆದರೂ ಒಂದೆರಡು ತಿಂಗಳು ತಳ್ಳಿದೆ. ಮೇ ಕೊನೆಯಲ್ಲಿ ಪಡುವಣದಲ್ಲಿ ಮೋಡ ಏರತೊಡಗಿದಾಗ ಹಲಗೆ ತೆಗೆಯುವ ಕೆಲಸ ಬಂತು. ತೆಗೆದ ಹಲಗೆಗಳನ್ನು ಕೆರೆದು, ಒಣಗಿಸಿ, ಗೇರೆಣ್ಣೆ ಬಳಿದು ಶೆಡ್ಡಿನಲ್ಲಿ ಅಟ್ಟಿ ಇಡಬೇಕು. ಆ ವರ್ಷ ಮಳೆಯ ಅವಸರಕ್ಕೆ ನಾನೂ ಬಟ್ಟೆಯ ಉಂಡೆ ಹಿಡಿದು ಕುಳಿತೆ. ಶೆಡ್ಡಿನಲ್ಲಿ ಸೆಕೆ, ಕಣ್ಣಿಗೆ ಖಾರ. ಎದುರಿನಲ್ಲಿ ವಾಸಣ್ಣ ಒಂದು ಅಡಿಹಲಗೆಯ ತುದಿಯನ್ನು ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು ಗೀಟುಗಳೊಳಗೆ ಎಣ್ಣೆ ತುಂಬಿಸುತ್ತಿದ್ದರು. ತಂಡದವರು ಚಹಾಕ್ಕೆ ಹೋಗಿದ್ದರು.

"ವಾಸಣ್ಣ, ಹಬ್ಬಕ್ಕೆ ಹೋಗಿ ಅಂತ ನಾನೇ ಹೇಳಿದ್ದು. ಹೇಳದೆ ಹೋದರು ಅಂತ ಬರೆದದ್ದು ಸುಳ್ಳು. ಆ ದಿನ ಇಂಜಿನಿಯರ್ ಎದುರು ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ."

ಅವರ ಕೈ ನಿಲ್ಲಲಿಲ್ಲ.

"ನೀವು ರಜೆ ಕೊಟ್ಟದ್ದು ಹೌದು. ನಾನು ತೆಗೊಂಡದ್ದೂ ಹೌದು. ಅರ್ಧ ಹಲಗೆ ಯಾಕೆ ಬಿಟ್ಟು ಹೋಗಬಾರದು ಅಂತ ನಿಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೂ ಮನೆಯಲ್ಲಿ ದೋಸೆ ತಿಂದು ಕೂತಿದ್ದೆ. ಆ ತಪ್ಪು ನನ್ನದು, ಅದಕ್ಕೇ ಹೋದದ್ದು ಹೌದು ಅಂದೆ." ಉಂಡೆಯನ್ನು ಡಬ್ಬಿಯಲ್ಲಿ ಅದ್ದಿದರು. "ಆದರೆ ಹೇಳದೆ ಹೋದವ ನಾನಲ್ಲ ಬಾಯಮ್ಮ. ನನ್ನ ಅಪ್ಪನೂ ಹೇಳದೆ ಹೋದವರಲ್ಲ. ಅದೊಂದು ಶಬ್ದ ಆ ಫೈಲಿನಲ್ಲಿ ಇರುದು ನನಗೆ ಆಗುದಿಲ್ಲ."

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ಅವರು ಕೇಳಲಿಲ್ಲ. ಮತ್ತೆ, ಅದು ನೀವು ಹೇಳುವ ಮಾತು ಅಲ್ವಾ?"

ನನಗೆ ಅಳು ಬಂತು. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದಾಗ ಅವರು ನನ್ನ ಮಣಿಕಟ್ಟು ಹಿಡಿದರು. "ಮುಖಕ್ಕೆ ಮುಟ್ಟಿಸಬೇಡಿ. ಗೇರೆಣ್ಣೆ ಅದು, ಸುಲಿದು ಹೋಗ್ತದೆ." ತೆಂಗಿನೆಣ್ಣೆಯ ಬಾಟಲಿ ಮುಂದೆ ತಳ್ಳಿದರು. ಹಾಗೆ ನಾನು ಕಣ್ಣೀರು ಇಳಿಯುತ್ತಿರುವಾಗಲೇ ಕೈಗೆ ತೆಂಗಿನೆಣ್ಣೆ ತಿಕ್ಕಿಕೊಂಡೆ. ಆದರೂ ಎರಡು ಬೆರಳಿನ ಚರ್ಮ ಆ ವಾರ ಪೂರ್ತಿ ಸುಲಿದು ಬಂತು.

ಮರುದಿನ ಇಲಾಖೆಯ ಕಚೇರಿಗೆ ಹೋಗಿ ಎರಡನೆಯ ಕಾಗದ ಕೊಟ್ಟೆ. ಅದೂ ಮೂರೇ ಸಾಲು. ಇಂಜಿನಿಯರ್ ಓದಿ ಕನ್ನಡಕ ತೆಗೆದರು. "ಇದನ್ನು ಫೈಲಿಗೆ ಹಾಕಿದರೆ ತೊಂದರೆ ನಿಮಗೆ ಅಮ್ಮ," ಎಂದರು. "ಇರಲಿ ಸರ್. ಹಳೆಯದರ ಮೇಲೆಯೇ ಹಾಕಿ," ಎಂದೆ. ಸಂಜೆಯೊಳಗೆ ಕಂಟ್ರಾಕ್ಟರ್ ಫೋನ್ ಬಂತು. ಅವರೂ ಬೈಯಲಿಲ್ಲ, ನಾಳೆಯಿಂದ ಬರುವುದು ಬೇಡ ಎಂದಷ್ಟೇ ಹೇಳಿದರು. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು, ಮೂರನೆಯ ದಿನ ನನಗಿಷ್ಟದ ಹಂದಿ ಸಾರು ಮಾಡಿದರು.

ಮಳೆಗಾಲದಲ್ಲಿ ಮಣಿಪಾಲದಲ್ಲಿ ಒಂದು ಕಟ್ಟಡದ ಸೈಟಿನಲ್ಲಿ ಕೆಲಸ ಸಿಕ್ಕಿತು. ಮಹಡಿಯ ಮೇಲೆ ನಿಂತರೆ ದೂರದಲ್ಲಿ ಸ್ವರ್ಣಾ ಕಾಣುತ್ತಿತ್ತು, ಕೆಂಪಾಗಿ, ದಡ ಮೀರಿ. ಹಲಗೆ ಇಲ್ಲದ ಕಿಂಡಿಗಳ ನೆನಪಾಗುತ್ತಿತ್ತು. ವಾಸಣ್ಣನಿಗೆ ಕೆಲಸ ಸಿಕ್ಕಿತೋ ಇಲ್ಲವೋ ಕೇಳಲು ಧೈರ್ಯವಿರಲಿಲ್ಲ. ಎರಡನೆಯ ಕಾಗದವನ್ನು ಇಂಜಿನಿಯರ್ ಫೈಲಿಗೆ ಹಾಕಿದ್ದರೆ ತಾನೆ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ನವೆಂಬರಿನಲ್ಲಿ, ದೀಪಾವಳಿ ಕಳೆದು ಆರು ದಿನಕ್ಕೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಬಾಯಮ್ಮ, ನಾನು ವಾಸು. ನಾಡಿದ್ದು ಅಷ್ಟಮಿ. ಹಲಗೆ ಇಳಿಸುತ್ತೇವೆ. ಮಣ್ಣು ತುಳೀಲಿಕ್ಕೆ ಜನ ಕಡಿಮೆ ಉಂಟು."

ಜನ ಕಡಿಮೆ ಏನೂ ಇರಲಿಲ್ಲ. ಹೋಗಿ ನೋಡಿದರೆ ತಂಡದ ಐದೂ ಜನ ಇದ್ದರು, ಹೊಸ ಕಂಟ್ರಾಕ್ಟರ್ ಕಡೆಯ ಹುಡುಗಿ ಸೂಪರ್‌ವೈಸರ್ ಕೂಡ ಇದ್ದಳು. ಅವಳ ಕೈಯಲ್ಲಿ ಪೇಂಟಿನ ಡಬ್ಬಿ ಇರಲಿಲ್ಲ, ನನಗಿಂತ ಜಾಣೆ. ಕೆಲಸ ಮುಗಿಯುವ ನಾಲ್ಕನೆಯ ದಿನವೂ ರಜೆ ಹಾಕಿ ಹೋದೆ. ಚೂಡಿದಾರ ಮೊಣಕಾಲಿಗೆ ಮಡಚಿ, ಎರಡು ಸಾಲು ಹಲಗೆಯ ನಡುವೆ ಇಳಿದು ಜೇಡಿಮಣ್ಣು ತುಳಿದೆ. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕಾಲು ಕೆಸರಾದರೆ ಎಂತದೋ," ಎಂದು ತಂಡದವರು ತಮಾಷೆ ಮಾಡಿದರು. ಗಿರಿಜಕ್ಕ ಮೇಲ್ಬದಿಯಲ್ಲಿ ದೋಣಿ ನಿಲ್ಲಿಸಿ ನೋಡುತ್ತಿದ್ದರು. ಕುದ್ರುವಿನಲ್ಲಿ ಅವರ ನೇಜಿ ದೂರಕ್ಕೂ ಹಸಿರಾಗಿ ಕಾಣುತ್ತಿತ್ತು.

ಕೊನೆಯ ಕಿಂಡಿಗೆ ಕೊನೆಯ ಹಲಗೆ ಉಳಿದಾಗ ವಾಸಣ್ಣ ಅದರ ಒಂದು ತುದಿಯನ್ನು ಹೆಗಲ ಮೇಲಿಟ್ಟುಕೊಂಡು ನಿಂತರು, ಇನ್ನೊಂದು ತುದಿಗೆ ತಂಡದವನೊಬ್ಬ. ಅದನ್ನು ಇಳಿಸಿದರೆ ಬಾಗಿಲು ಹಾಕಿದಂತೆ. ಒಳಗೆ ಉಪ್ಪು ಇದ್ದರೆ ಅದು ಮೇ ತಿಂಗಳವರೆಗೂ ಒಳಗೇ. ಗಿರಿಜಕ್ಕ ದೋಣಿಯಿಂದ ಬಾಗಿ, ತೋಳು ಮುಳುಗಿಸಿ, ಅಡಿಯ ನೀರು ತೆಗೆದರು. ತಾವು ಕುಡಿಯಲಿಲ್ಲ. ದೋಣಿಯನ್ನು ಕಂಬಕ್ಕೆ ತಾಗಿಸಿ, ಮುಷ್ಟಿಯನ್ನು ನನ್ನ ಕಡೆ ಚಾಚಿದರು.

"ನೀವು ಹೇಳಿ ಬಾಯಮ್ಮ."

ನಾನು ಅವರ ಅಂಗೈಯಿಂದಲೇ ಕುಡಿದೆ. ನುಂಗಿ, ಗಂಟಲಿನ ಹಿಂದೆ ಏನಾದರೂ ಬರುತ್ತದೋ ಎಂದು ಕಾದೆ. ಏನೂ ಬರಲಿಲ್ಲ.

"ಉಪ್ಪು ಇಲ್ಲ," ಎಂದೆ.

ಗಿರಿಜಕ್ಕ ವಾಸಣ್ಣನ ಕಡೆ ತಿರುಗಿ, "ಹಾಗಾದರೆ ಹಾಕಿ," ಎಂದರು. ಅವರು ಮತ್ತೆ ರುಚಿ ನೋಡಲಿಲ್ಲ. ವಾಸಣ್ಣ ಹಲಗೆ ಇಳಿಸಿದರು.